ರಿಂಗಿನ ಕೆಳಗಿನ ಸೀಟು

ನಮ್ಮ ಮೇಡಂ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಯಾರಾದರೂ ಬಾಯಿತಪ್ಪಿ ಐದಡಿ ಎಂದರೆ ಅವರು ತಿದ್ದುತ್ತಿರಲಿಲ್ಲ. ನಾನು ಐದು ಅಡಿ ಒಂಬತ್ತು. ನಾವಿಬ್ಬರೂ ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಜೊತೆಯಾಗಿ ನಡೆದರೆ ಹೂವಿನಾಕೆಯಿಂದ ಹಿಡಿದು ಟ್ರಾಫಿಕ್ ಪೊಲೀಸಿನವರೆಗೆ ಎಲ್ಲರೂ ಒಂದು ಸಲ ತಿರುಗಿ ನೋಡುತ್ತಿದ್ದರು. ನಾನು ಮುಜುಗರಪಟ್ಟು ಬೆನ್ನು ಬಗ್ಗಿಸಿದ ಕೂಡಲೇ ಪಕ್ಕೆಗೆ ಒಂದು ತಿವಿತ ಬೀಳುತ್ತಿತ್ತು. "ನೆಟ್ಟಗೆ ನಡಿಯೇ. ನೋಡೋರು ನೋಡ್ಲಿ, ಕಣ್ಣು ಅವರದು" ಎನ್ನುತ್ತಿದ್ದರು.

ಕಳೆದ ತಿಂಗಳು ಅವರು ನಿವೃತ್ತರಾದರು. ಮೂವತ್ತು ವರ್ಷಕ್ಕೂ ಮೇಲೆ ಒಂದೇ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿ. ಬೀಳ್ಕೊಡುಗೆ ಸಮಾರಂಭಕ್ಕೆ ನಾನೂ ಹೋಗಿದ್ದೆ. ವೇದಿಕೆ ಹತ್ತಿದವರೆಲ್ಲ ಶಿಸ್ತು, ಸಮಯಪಾಲನೆ, ಸೇವಾ ಮನೋಭಾವ ಎಂದು ಮಾತಾಡಿ ಇಳಿದರು. ಹೋದ ವರ್ಷ ಲೈಬ್ರರಿಯನ್ ನಿವೃತ್ತರಾದಾಗಲೂ ಇದೇ ಭಾಷಣ ಆಗಿತ್ತಂತೆ. ಈಕೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು, ಅದರಲ್ಲೂ ಬೇರೆ ಯಾವ ಕಾಲೇಜಿನವರಿಗೂ ಹೊಳೆಯದ ಒಂದು ಉಪಾಯ ಅವರಿಗೆ ಹೊಳೆದಿತ್ತು ಎಂದು ಒಬ್ಬರೂ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಮಾತಾಡುವ ಧೈರ್ಯ ಇರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಅವರನ್ನು ಮೊದಲು ಕಂಡದ್ದು ಅಡ್ಮಿಶನ್ ಸಾಲಿನಲ್ಲಿ. ನಮ್ಮ ಮನೆ ಶ್ರೀಗಂಧದ ಕಾವಲಿನಲ್ಲಿ. ಅಪ್ಪ ಹೆಗ್ಗನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು, ಅಮ್ಮ ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುತ್ತಿದ್ದಳು. ಸಾಲಿನ ಪಕ್ಕ ಹಾದುಹೋಗುತ್ತಿದ್ದ ಈ ಪುಟ್ಟ ಹೆಂಗಸು ನನ್ನ ಮುಂದೆ ನಿಂತರು. ಎಲ್ಲರೂ ಮೊದಲು ನನ್ನ ತಲೆ ಎಲ್ಲಿ ಮುಗಿಯುತ್ತದೆ ಎಂದು ನೋಡುತ್ತಾರೆ, ಇವರು ಬಗ್ಗಿ ನನ್ನ ಪ್ಯಾಂಟಿನ ಅಂಚು ನೋಡಿದರು. ಅಮ್ಮ ಎರಡು ಸಲ ಅಂಚು ಬಿಚ್ಚಿ ಉದ್ದ ಮಾಡಿದ್ದ ಪ್ಯಾಂಟು ಅದು. ಹಳೆಯ ಮಡಿಕೆಯ ಎರಡು ಗೆರೆಗಳು ಹಾಗೇ ಉಳಿದಿದ್ದವು.

"ಪಿಯುಸಿಲಿ ಬೆಳೆದಿದೀಯ. ಅಲ್ವಾ?"

"ಹೂಂ ಮೇಡಂ."

"ಹೈಸ್ಕೂಲಲ್ಲಿ ಏನು ಆಡ್ತಿದ್ದೆ?"

"ಬ್ಯಾಸ್ಕೆಟ್‌ಬಾಲ್ ಮೇಡಂ. ಗಾರ್ಡು. ಆಗ ನಾನು ಕುಳ್ಳಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ ನಿಧಿ ಸಿಕ್ಕವರ ಹಾಗೆ ನಗುತ್ತಿದ್ದರು. ಆಟ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಗಾರ್ಡ್ ಎಂದರೆ ಚೆಂಡು ತಟ್ಟಿಕೊಂಡು ತಂದು, ಹೊರಗಿನಿಂದ ಆಟ ಕಟ್ಟುವವಳು. ಸಾಮಾನ್ಯವಾಗಿ ಗಿಡ್ಡ, ಚುರುಕು. ಉದ್ದದ ಹುಡುಗಿಯರನ್ನು ಚಿಕ್ಕಂದಿನಲ್ಲೇ ರಿಂಗಿನ ಕೆಳಗೆ ನಿಲ್ಲಿಸಿಬಿಡುವುದರಿಂದ ಅವರಿಗೆ ಚೆಂಡು ತಟ್ಟುವುದು ಸರಿಯಾಗಿ ಬರುವುದಿಲ್ಲ. ನಾನು ತಡವಾಗಿ ಬೆಳೆದವಳಾದ್ದರಿಂದ ಕುಳ್ಳಿಯ ಕೈಚಳಕವೂ ಉಳಿದಿತ್ತು, ಎತ್ತರವೂ ಬಂದಿತ್ತು. ಇಷ್ಟನ್ನೂ ಅವರು ಪ್ಯಾಂಟಿನ ಗೆರೆಯಲ್ಲಿ ಓದಿದ್ದರು.

ನನಗೆ ಬೇಕಾಗಿದ್ದದ್ದು ಒಂದೇ, ಯೂನಿವರ್ಸಿಟಿ ತಂಡ. ಆಯ್ಕೆಯಾದವರಿಗೆ ಬ್ಲೇಜರ್ ಕೊಡುತ್ತಾರೆ, ಜೊತೆಗೆ ಸರ್ಟಿಫಿಕೇಟ್. ಅದಿದ್ದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು. ಅಪ್ಪನ ಕಣ್ಣು ಮಂಜಾಗತೊಡಗಿತ್ತು. ಲೇತ್ ಮುಂದೆ ಇನ್ನೆಷ್ಟು ದಿನ ನಿಲ್ಲುತ್ತಾರೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತಾಗಿತ್ತು. ಆ ಬ್ಲೇಜರ್ ನನಗೆ ಸಿಗುವುದಿದ್ದರೆ ಗಾರ್ಡ್ ಆಗಿಯೇ ಸಿಗಬೇಕು, ಗಾರ್ಡ್ ಜಾಗದಲ್ಲಿ ನನ್ನಷ್ಟು ಎತ್ತರದವಳು ಬೇರೆ ಯಾರೂ ಇರಲಿಲ್ಲ.

ಕಾಲೇಜಿನ ಹಿಂದಿನ ಸಿಮೆಂಟು ಕೋರ್ಟಿನ ಒಂದು ಮೂಲೆ ಸ್ಕೂಟರುಗಳ ಪಾಲಾಗಿತ್ತು. ಗೆರೆಗಳು ಅಳಿಸಿಹೋಗಿ ಎಷ್ಟೋ ವರ್ಷವಾಗಿತ್ತು. ಮೇಡಂ ಬೆಳಿಗ್ಗೆ ಆರೂವರೆಗೆ ಬಂದು, ಊಟದ ಬ್ಯಾಗಿನಿಂದ ರಂಗೋಲಿ ಡಬ್ಬಿ ತೆಗೆದು, ಕುಕ್ಕರಗಾಲಲ್ಲಿ ಕೂತು ಗೆರೆ ಎಳೆಯುತ್ತಿದ್ದರು. ಹತ್ತು ಗಂಟೆಯೊಳಗೆ ಅದು ನಮ್ಮ ಕಾಲಲ್ಲಿ ಅಳಿಸಿಹೋಗುತ್ತಿತ್ತು. ಮಾರನೆಯ ದಿನ ಮತ್ತೆ. "ಪೇಂಟಿಗೆ ಲೆಟರ್ ಬರೆದಿದೀನಿ ಕಣ್ರೇ. ಅದು ಬರೋಷ್ಟರಲ್ಲಿ ನಿಮ್ಮ ಮಕ್ಕಳು ಇಲ್ಲಿ ಆಡ್ತಿರ್ತಾರೆ" ಎನ್ನುತ್ತಿದ್ದರು. ದಾವಣಗೆರೆ ಕಡೆಯವರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಪ್ರಾಕ್ಟೀಸ್ ಮುಗಿಯುವಷ್ಟರಲ್ಲಿ ಬೆವರಿಗೆ ಅದೂ ಅರ್ಧ ಅಳಿಸಿರುತ್ತಿತ್ತು.

ಎರಡನೇ ವರ್ಷದ ಒಂದು ಬೆಳಿಗ್ಗೆ ಅವರು ರಿಂಗಿನ ಎಡಪಕ್ಕಕ್ಕೆ, ಬುಟ್ಟಿಯಿಂದ ಎರಡು ಹೆಜ್ಜೆ ದೂರದಲ್ಲಿ, ಒಂದು ಚೌಕ ಬರೆದರು. ಆಟಗಾರರು ಲೋ ಪೋಸ್ಟ್ ಎನ್ನುವುದು ಆ ಜಾಗಕ್ಕೇ. ಬುಟ್ಟಿಗೆ ಬೆನ್ನು ಹಾಕಿ ನಿಂತು, ಚೆಂಡು ಹಿಡಿದು, ತಿರುಗಿ ಹಾಕುವ ಜಾಗ, ಉದ್ದ ದಪ್ಪ ಇರುವವರ ರಾಜ್ಯ. ಮೇಡಂ ಸೊಂಟದಿಂದ ತಮ್ಮ ಕರ್ಚೀಫ್ ತೆಗೆದು ಆ ಚೌಕದೊಳಗೆ ಹಾಸಿದರು. ರಶ್ ಬಸ್ಸಿನಲ್ಲಿ ಕಿಟಕಿಯಿಂದ ಕೈ ತೂರಿಸಿ ಸೀಟಿಗೆ ಕರ್ಚೀಫ್ ಹಾಕುತ್ತಾರಲ್ಲ, ಥೇಟ್ ಹಾಗೆ.

"ಇದು ನಿನ್ನ ಸೀಟು. ಬೇರೆಯವರು ಕೂತಿದ್ರೆ ಎಬ್ಬಿಸು."

"ಮೇಡಂ, ನಾನು ಗಾರ್ಡು."

"ಗಾರ್ಡೇ ಕಣೇ, ಯಾರು ಇಲ್ಲ ಅಂದ್ರು? ಉದ್ದ ಇರೋ ಸೆಂಟರನ್ನ ಒಳಗೆ ನಿಲ್ಸಿದ್ರೆ ಅವಳನ್ನ ತಡಿಯೋಕೆ ಆ ಕಡೆಯಿಂದಲೂ ಉದ್ದದವಳೇ ಬರ್ತಾಳೆ. ನೀನು ಗಾರ್ಡು. ನಿನ್ನ ತಡಿಯೋಕೆ ಅವರ ಗಾರ್ಡ್ ಬರ್ತಾಳೆ. ಐದಡಿ. ನೀನು ಅವಳನ್ನ ಕರ್ಕೊಂಡು ಇಲ್ಲಿಗೆ ಬಂದುಬಿಡು. ಅವಳು ನಿನ್ನ ಹಿಂದೆ ನಿಂತ್ಕೊಂಡು ಏನು ಮಾಡ್ತಾಳೆ, ಜಡೆ ಹಾಕ್ತಾಳಾ?"

ಹುಡುಗಿಯರೆಲ್ಲ ನಕ್ಕರು. ನಾನು ನಗಲಿಲ್ಲ. ಉದ್ದ ಇದ್ದೀಯ ಎಂದು ಮದುವೆಮನೆಗಳಲ್ಲಿ ಹಿಂದಿನ ಸಾಲಿಗೆ ತಳ್ಳುತ್ತಿದ್ದರು, ಈಗ ಇವರೂ ಅದಕ್ಕೇ ರಿಂಗಿನ ಕೆಳಗೆ ತಳ್ಳುತ್ತಿದ್ದಾರೆ ಅನ್ನಿಸಿತು.

ನಿಲ್ಲುವುದು ಬರಲೂ ಇಲ್ಲ. ಹಿಂದಿನಿಂದ ಒತ್ತಿದರೆ ಸರಿದುಬಿಡುತ್ತಿದ್ದೆ. ಒಂದು ಶನಿವಾರ ಮೇಡಂ ಕೆಂಗೇರಿಯ ತಮ್ಮ ಮನೆಯಿಂದ ನಮ್ಮ ಸ್ಟಾಪಿಗೆ ಬಂದರು. ನನ್ನ ಜೊತೆ ಮಾಗಡಿ ರೋಡಿನ ಬೆಳಗಿನ ಬಸ್ಸು ಹತ್ತಿದರು. ಸೀಟು ಸಿಕ್ಕರೂ ಕೂರಲು ಬಿಡಲಿಲ್ಲ. "ಕಂಬಿ ಹಿಡಿಬೇಡ. ಕಾಲು ಅಗಲ ಮಾಡು, ಮಂಡಿ ಬಗ್ಗಿಸು. ಮೊಣಕೈ ಎತ್ತಿದ್ರೆ ಫೌಲು. ಸೊಂಟಕ್ಕೆ ಯಾರೂ ಸೀಟಿ ಊದಲ್ಲ. ಹಿಂದೆ ಯಾರಿದಾರೆ ಅಂತ ತಿರುಗಿ ನೋಡ್ದೆ ಬೆನ್ನಲ್ಲೇ ತಿಳ್ಕೊ." ಸುಂಕದಕಟ್ಟೆಯಲ್ಲಿ ಸೊಪ್ಪಿನ ಬುಟ್ಟಿ ಹಿಡಿದ ಒಬ್ಬ ಹೆಂಗಸು ಹತ್ತಿದಳು. ಯಾರಿಗೂ ಕೈ ತಾಗಿಸದೆ, ಬರೀ ಸೊಂಟ ಆಡಿಸಿಕೊಂಡು, ನಮ್ಮಿಬ್ಬರನ್ನೂ ಸರಿಸಿ ಡ್ರೈವರ್ ಹಿಂದಿನ ಜಾಗ ಹಿಡಿದಳು. ಮೇಡಂ ಕಣ್ಣಲ್ಲಿ ಭಕ್ತಿ ಉಕ್ಕಿತು. "ನೋಡಿದ್ಯಾ? ಈಯಮ್ಮ ಒಪ್ಪಿದ್ರೆ ನಾಳೆನೇ ಟೀಮಿಗೆ ಹಾಕ್ಕೋತೀನಿ."

ಒಂದು ತಿಂಗಳು ಹಾಗೆ ಬಸ್ಸಿನಲ್ಲಿ ನಿಂತು ಬಂದೆ. ಸಿಟ್ಟು ಇದ್ದೇ ಇತ್ತು, ಆದರೆ ಕಾಲು ಕಲಿತುಬಿಟ್ಟಿತು.

ನಮ್ಮ ಇನ್ನೊಬ್ಬ ಗಾರ್ಡ್ ಚೈತ್ರಾ, ಬಸವೇಶ್ವರನಗರದವಳು. ಬಾಯಿಯೂ ಕೈಯೂ ಅಷ್ಟೇ ವೇಗ. ಎದುರಾಳಿ ಕುಳ್ಳಿ ನನ್ನನ್ನು ತಡೆಯಲು ಬಂದ ಕೂಡಲೇ ಅವಳು "ಕರ್ಚೀಫ್!" ಎಂದು ಕೂಗುತ್ತಿದ್ದಳು. ನಾನು ಆ ಕುಳ್ಳಿಯನ್ನು ಬೆನ್ನಿಗಂಟಿಸಿಕೊಂಡೇ ಒಳಗೆ ಹೋಗಿ ಸೀಟು ಹಿಡಿಯುತ್ತಿದ್ದೆ, ಚೆಂಡು ತಲೆಯ ಮೇಲಿಂದ ಬರುತ್ತಿತ್ತು, ತಿರುಗಿ ಹಾಕುತ್ತಿದ್ದೆ. ಕರ್ಚೀಫ್ ಎಂದರೆ ಏನೆಂದು ಎದುರು ತಂಡಗಳಿಗೆ ತಿಳಿಯಲಿಲ್ಲ. ಒಬ್ಬ ರೆಫರಿ ಆಟ ನಿಲ್ಲಿಸಿ, ಯಾರದ್ದಮ್ಮಾ ಬಿದ್ದುಹೋಗಿದೆ ಎಂದು ನೆಲ ಹುಡುಕಿದ್ದರು. ಆ ವರ್ಷ ಅಂತರ ಕಾಲೇಜು ಕಪ್ ನಮಗೆ ಬಂತು. ಮೇಡಂ ಸೇವೆಯಲ್ಲಿ ಬಂದ ಮೊದಲ ಕಪ್. ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಹೆಲ್ಮೆಟ್ಟಿಗಿಂತ ಮೇಲೆ ಕಪ್ಪೇ ಕಾಣುವಂತೆ, ಕೆಂಗೇರಿವರೆಗೆ ಹೋದರು.

ಎರಡು ವಾರಕ್ಕೆ ಯೂನಿವರ್ಸಿಟಿ ಟ್ರಯಲ್ಸ್. ಕಾಲೇಜಿನಿಂದ ಫಾರಂ ಮೊದಲೇ ಹೋಗಿತ್ತು. ನಾನು ಗಾರ್ಡುಗಳ ಸಾಲಿನಲ್ಲಿ ನಿಂತಿದ್ದೆ. ಪಟ್ಟಿ ಹಿಡಿದಿದ್ದವರು ನನ್ನ ಹೆಸರು ಓದಿ, "ಪೋಸ್ಟ್‌ನವರು ಆ ಕಡೆ ರಿಂಗಿಗೆ ಹೋಗಿ" ಎಂದರು.

"ಸಾರ್, ನಾನು ಗಾರ್ಡ್."

"ಇಲ್ಲಿ ಪೋಸ್ಟ್ ಅಂತ ಇದೆಯಲ್ಲಮ್ಮಾ. ನಿಮ್ಮ ಮೇಡಂ ಕೈಲೇ ಬರೆದು ಸೈನ್ ಮಾಡಿದಾರೆ."

ಆ ಕಡೆ ರಿಂಗಿನ ಕೆಳಗೆ ಆರಡಿ ದಾಟಿದ ಹುಡುಗಿಯರು ನಿಂತಿದ್ದರು. ಅವರ ನಡುವೆ ನಾನು ಮತ್ತೆ ಕುಳ್ಳಿಯಾದೆ. ಕುಳ್ಳಿಯರ ಮುಂದೆ ನಡೆಯುವ ಉಪಾಯ ಆರಡಿಯವರ ಮುಂದೆ ನಡೆಯುವುದಿಲ್ಲ. ಕಾಲು ಗಂಟೆಯಲ್ಲಿ ನನ್ನ ಟ್ರಯಲ್ಸ್ ಮುಗಿದಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆಗೆ ಬಂದೆ, ಮಾರನೆಯ ದಿನದಿಂದ ಪ್ರಾಕ್ಟೀಸಿಗೆ ಹೋಗಲಿಲ್ಲ.

ಮೇಡಂ ಕೋರ್ಟಿನಲ್ಲಿ ಒಂದು ಕಾನೂನು ಇತ್ತು, ಯಾರೂ ಸಾರಿ ಅನ್ನಬಾರದು. ಅಂದರೆ ಎರಡು ಸುತ್ತು ಓಟ. "ಸಾರಿ ಹೇಳೋ ಹೊತ್ತಲ್ಲಿ ವಾಪಸ್ ಓಡಿ ಡಿಫೆನ್ಸ್‌ಗೆ ನಿಂತ್ಕೊ" ಎನ್ನುತ್ತಿದ್ದರು. ಅಂಥವರು ಭಾನುವಾರ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದರು. ಅಮ್ಮ ಮೆಷಿನ್ ಮೇಲಿನ ಬಟ್ಟೆ ಸರಿಸಿ, ಸ್ಟೂಲು ಒರೆಸಿ ಕೂರಿಸಿದಳು. ಕಾಫಿ ಬರುವ ಮೊದಲೇ ಮೇಡಂ ಮಾತು ತೆಗೆದರು.

"ತಪ್ಪು ನಂದು ಕಣಮ್ಮಾ. ಫಾರಂನಲ್ಲಿ ಗಾರ್ಡ್ ಅಂತ ಬರೀಬೇಕಿತ್ತು. ಕಪ್ ಗೆದ್ದಿದ್ದು ಪೋಸ್ಟಲ್ಲಿ, ಆ ಜಂಬದಲ್ಲಿ ಪೋಸ್ಟ್ ಅಂತ ಬರೆದುಬಿಟ್ಟೆ. ನನ್ನ ಐಡಿಯಾ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ. ಕ್ಷಮಿಸಿ."

"ಅಯ್ಯೋ, ನೀವು ಹಂಗನ್ಬಾರ್ದು ಮೇಡಂ. ಅದು ಇವಳ ಹಣೆಬರಹ" ಎಂದಳು ಅಮ್ಮ.

"ಹಣೆಬರಹ ಅಲ್ಲಮ್ಮಾ, ನನ್ನ ಕೈಬರಹ."

ನಮ್ಮ ಮನೆಯಲ್ಲಿ ಮೇಷ್ಟ್ರುಗಳೆಂದರೆ ದೇವರ ನಂತರದವರು. ಅವರಲ್ಲೊಬ್ಬರು ನನ್ನ ಅಮ್ಮನ ಮುಂದೆ ಕೈ ಜೋಡಿಸಿದ್ದರು. ಆದರೂ ನನ್ನ ಬಾಯಿಗೆ ಬಂದದ್ದು ಬೇರೆ. "ನಿಮಗೆ ಕಪ್ ಬಂತಲ್ಲ ಮೇಡಂ, ಬಿಡಿ" ಎಂದೆ. ಅಮ್ಮ ತೊಡೆ ಚಿವುಟಿದಳು. ಮೇಡಂ ತಲೆ ಬಗ್ಗಿಸಿ "ಹೂಂ, ಬಂತು" ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, "ನಾಳೆ ಆರೂವರೆಗೆ ಬಾ. ಇನ್ನೊಂದು ವರ್ಷ ಇದೆ. ನಿನ್ನ ಹೊರಗೆ ಆಡಿಸ್ತೀನಿ" ಎಂದರು. ಸ್ವಲ್ಪ ಬಿಗುಮಾನ ಮಾಡಿ, ಒಂದು ದಿನ ತಡವಾಗಿ ಹೋದೆ.

ಮಾತಿಗೆ ತಪ್ಪಲಿಲ್ಲ. ಕೊನೆಯ ವರ್ಷ ಇಡೀ ನಾನು ಹೊರಗೇ ಆಡಿದೆ. ರಂಗೋಲಿಯ ಆ ಚೌಕ ಬರೆಯುವುದನ್ನೇ ಮೇಡಂ ಬಿಟ್ಟರು. ಮೊದಲು ಸುಲಭವಾಗಿ ಗೆಲ್ಲುತ್ತಿದ್ದ ಮ್ಯಾಚುಗಳನ್ನು ಏದುಸಿರು ಬಿಡುತ್ತ ಗೆಲ್ಲತೊಡಗಿದೆವು. ಚೈತ್ರಾ ಗೊಣಗುತ್ತಿದ್ದಳು: "ಅಲ್ಲ ಕಣೇ, ಸೀಟು ಖಾಲಿ ಇಟ್ಕೊಂಡು ಫುಟ್‌ಬೋರ್ಡ್ ಮೇಲೆ ನೇತಾಡ್ಕೊಂಡು ಹೋಗ್ತಾ ಇದೀವಲ್ಲ ನಾವು!" ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಹಾಗೂ ಹೀಗೂ ಫೈನಲ್ ತಲುಪಿದೆವು.

ಫೈನಲ್ ದಿನ ಯೂನಿವರ್ಸಿಟಿ ತಂಡದ ಆಯ್ಕೆದಾರರೇ ಬಂದು ಸ್ಕೋರ್ ಟೇಬಲ್ ಪಕ್ಕ ಕೂತಿದ್ದರು. ಆಟಕ್ಕೆ ಮೊದಲು ಮೇಡಂ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ನನಗೆ ಹೇಳಿದರು: "ಇವತ್ತು ಒಳಗೆ ಹೋಗೋದು ಬಿಡೋದು ನಿನಗೆ ಬಿಟ್ಟಿದ್ದು. ನಾನು ಏನೂ ಹೇಳಲ್ಲ."

ನಾನು ಹೊರಗೇ ಆಡಿದೆ. ಚೆನ್ನಾಗಿಯೇ ಆಡಿದೆ. ಕೊನೆಗೆ ಇಪ್ಪತ್ತು ಸೆಕೆಂಡ್ ಇದ್ದಾಗ ನಾವು ಒಂದು ಪಾಯಿಂಟ್ ಹಿಂದೆ, ಚೆಂಡು ಚೈತ್ರಾ ಕೈಯಲ್ಲಿ. ನನ್ನ ಮುಂದೆ ಇದ್ದದ್ದು ಅವರ ಅತಿ ಗಿಡ್ಡ ಗಾರ್ಡ್, ಸುಸ್ತಾಗಿ ಬಾಯಿ ತೆರೆದು ಉಸಿರಾಡುತ್ತಿದ್ದಳು. ಚೈತ್ರಾ "ಕರ್ಚೀಫ್!" ಎಂದು ಕೂಗಿದಳು. ರಿಂಗಿನ ಪಕ್ಕದ ಆ ಜಾಗ ನನ್ನಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಖಾಲಿ ಬಿದ್ದಿತ್ತು. ಎರಡು ಹೆಜ್ಜೆ ಹೋದೆ. ಟೇಬಲ್ಲಿನವರು ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದದ್ದು ಕಂಡಿತು. ಒಳಗೆ ಹೋದರೆ ಮತ್ತೆ ಪೋಸ್ಟ್ ಎಂದು ಬರೆದುಕೊಳ್ಳುತ್ತಾರೆ ಅನ್ನಿಸಿತು, ಅಪ್ಪನ ಮುಖ ನೆನಪಾಯಿತು, ನಾನು ನಿಂತೆ.

ಆಮೇಲೆ ಆ ಕೂಗು ಕೇಳಿತು. ಮ್ಯಾಚ್ ನಡೆಯುವಾಗ ಬೆಂಚಿನಿಂದ ಒಂದು ಮಾತೂ ಆಡದ ಮೇಡಂ, ಬೆಂಚಿನ ಮೇಲೆ ಹತ್ತಿ ನಿಂತು, ಇಡೀ ಮೈದಾನಕ್ಕೆ ಕೇಳುವಂತೆ ಕಿರುಚಿದರು: "ಹೊರಗೇ ಇರು! ಒಳಗೆ ಹೋಗ್ಬೇಡ! ನಾನು ಹೇಳ್ತಾ ಇದೀನಿ, ಹೊರಗೇ ಇರು!"

ಚೆಂಡು ಹೊರಗೆ ನನ್ನ ಕೈಗೇ ಬಂತು. ಅಲ್ಲಿಂದಲೇ ಹಾಕಿದೆ. ರಿಂಗಿಗೆ ಬಡಿದು ಆಚೆ ಬಿತ್ತು.

ಚೈತ್ರಾ ಅಳುತ್ತಾ ಮೇಡಂ ಹತ್ತಿರ ಹೋದಳು. "ಯಾಕೆ ಮೇಡಂ ಕೂಗಿದ್ರಿ? ಏನೂ ಹೇಳಲ್ಲ ಅಂದಿದ್ರಲ್ಲ. ಅವಳು ಹೋಗ್ತಾ ಇದ್ಲು!" ಮೇಡಂ "ಹೂಂ ಕಣೇ, ನನ್ನದೇ ತಪ್ಪು" ಎಂದರು. ನಾನು ಪಕ್ಕದಲ್ಲೇ ನಿಂತು ನೀರು ಕುಡಿಯುತ್ತಿದ್ದೆ. ಪ್ರಿನ್ಸಿಪಾಲರು ಅವರನ್ನು ಕರೆಸಿ, ಕೈಗೆ ಬಂದ ಕಪ್ಪನ್ನು ಕೂಗಿ ಕಳೆದಿರಂತೆ ಎಂದು ಎಲ್ಲರೆದುರು ಅಂದದ್ದೂ ಕಿವಿಗೆ ಬಿತ್ತು. ಆಗಲೂ ಸುಮ್ಮನಿದ್ದೆ. ಹುಡುಗಿಯರು ಒಂದು ತಿಂಗಳು ಮೇಡಂ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ತಿಂಗಳಲ್ಲೇ ನನಗೆ ಬ್ಲೇಜರ್ ಬಂತು.

ಇನ್ನೂ ತಮಾಷೆಯೆಂದರೆ, ಯೂನಿವರ್ಸಿಟಿ ತಂಡದ ಕೋಚ್ ಮೊದಲ ವಾರದಲ್ಲೇ, "ಕುಳ್ಳಿ ಗಾರ್ಡ್ ಸಿಕ್ಕಿದ್ರೆ ಒಳಗೆ ಕರ್ಕೊಂಡು ಹೋಗೋಕೆ ಬರತ್ತಾ ನಿಂಗೆ?" ಎಂದು ಕೇಳಿದರು. ಅಂದರೆ, ಆವತ್ತು ಉಳಿದ ಎರಡು ಹೆಜ್ಜೆ ಇಟ್ಟಿದ್ದರೂ ನಾನು ಕಳೆದುಕೊಳ್ಳುತ್ತಿದ್ದದ್ದು ಏನೂ ಇರಲಿಲ್ಲ. ಕೆಲಸ ಸಿಕ್ಕಿತು, ಅಪ್ಪ ಲೇತ್ ಬಿಟ್ಟರು, ಕಣ್ಣಿನ ಆಪರೇಷನ್ ಆಯಿತು. ಮೇಡಂಗೆ ಮಾತ್ರ ಇನ್ನೊಂದು ಕಪ್ ಬರಲೇ ಇಲ್ಲ.

ಕಳೆದ ತಿಂಗಳ ಸಮಾರಂಭಕ್ಕೆ ಚೈತ್ರಾ ಕೂಡ ಬಂದಿದ್ದಳು, ಕಂಕುಳಲ್ಲಿ ಮಗು. ಮೇಡಂ ಕಾಲಿಗೆ ನಮಸ್ಕಾರ ಮಾಡಿ, ನಗುತ್ತಲೇ, "ಆವತ್ತು ನೀವೊಂದು ಕೂಗ್ದೆ ಇದ್ದಿದ್ರೆ ಎರಡು ಕಪ್ ಇರ್ತಿತ್ತು ಮೇಡಂ" ಎಂದಳು. ಮೇಡಂ ಅವಳ ಮಗುವಿನ ಕೆನ್ನೆ ಹಿಂಡುತ್ತಾ "ಹೌದು ಕಣೇ, ನನ್ನ ಬಾಯಿ ಸರಿ ಇಲ್ಲ" ಎಂದರು.

ಶಾಲು, ಹಾರ, ಹಣ್ಣಿನ ಬುಟ್ಟಿ, ದೊಡ್ಡದೊಂದು ಗೋಡೆ ಗಡಿಯಾರ ಎಲ್ಲ ಹೊತ್ತುಕೊಂಡು ನಾನೇ ಅವರನ್ನು ಮೆಟ್ರೋದಲ್ಲಿ ಕೆಂಗೇರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಚೈತ್ರಾ ಹೇಳಿದ್ದೇ ನೆನಪಾಗುತ್ತಿತ್ತು. ಅಡುಗೆಮನೆಯಲ್ಲಿ ಅವರು ಕಾಫಿಗೆ ಹಾಲಿಟ್ಟರು. ಮೇಲಿನ ಶೆಲ್ಫಿನ ಸಕ್ಕರೆ ಡಬ್ಬಿ ನಾನು ತೆಗೆದುಕೊಟ್ಟೆ. ಇನ್ನು ಮುಚ್ಚಿಡಲು ಆಗುವುದಿಲ್ಲ ಅನ್ನಿಸಿತು.

"ಮೇಡಂ, ಚೈತ್ರಾಗೆ ಗೊತ್ತಿಲ್ಲ. ನೀವು ಕೂಗೋಕೆ ಮುಂಚೆನೇ ನಾನು ನಿಂತುಬಿಟ್ಟಿದ್ದೆ. ಹೋಗೋ ಮನಸ್ಸೇ ಇರ್ಲಿಲ್ಲ ನಂಗೆ. ಬ್ಲೇಜರ್ ಆಸೆ. ಇಷ್ಟು ವರ್ಷ ಎಲ್ಲರೂ ನಿಮ್ಮನ್ನ ಅಂದ್ರು, ನಾನು ಬಾಯಿ ಬಿಡ್ಲಿಲ್ಲ."

ಹಾಲು ಉಕ್ಕಿ ಬರುತ್ತಿತ್ತು. ಮೇಡಂ ಉರಿ ಸಣ್ಣ ಮಾಡಿದರು.

"ನೀನು ನಿಂತಿದ್ದು ನೋಡಿದೆ ಕಣೇ."

"ನೋಡಿದ್ರಾ? ಮತ್ತೆ ಯಾಕೆ ಕೂಗಿದ್ರಿ?"

"ನೀನು ನಿಂತಿದ್ದು ಹುಡುಗೀರೂ ನೋಡ್ತಿದ್ರಲ್ಲೇ. ಅದಕ್ಕೇ ಅಷ್ಟು ಜೋರಾಗಿ ಕೂಗಿದ್ದು."

ಆಮೇಲೆ, ಸಕ್ಕರೆ ಎಷ್ಟು ಚಮಚ ಹಾಕಲಿ ಎಂದು ಕೇಳಿದರು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.